ಹೆಸರೋ ಸಂಖ್ಯೆಯೋ: ಯುದ್ಧಸ್ಮಾರಕ ಲೇಖಗಳ ಒಂದು ವಿಮರ್ಶೆ

ಶಾಸನವನ್ನು ಸಾಹಿತ್ಯವೆಂದು ಓದುವ ಪದ್ಧತಿ ಕನ್ನಡಿಗರಿಗೆ ಹೊಸತಲ್ಲ. ಆದರೆ ನಾವು ನೆಲೆಸಿರುವ ನಗರಗಳಲ್ಲಿ ಬ್ರಿಟಿಷರು ನಿಲ್ಲಿಸಿಹೋದ ಯುದ್ಧಸ್ಮಾರಕಗಳನ್ನು ಮಾತ್ರ ನೋಡುತ್ತೇವೆಯೇ ಹೊರತು ಓದುವುದಿಲ್ಲ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ 10 ಲಕ್ಷಕ್ಕೂ ಹೆಚ್ಚು ಭಾರತೀಯರು ಕಡಲಾಚೆ ಸೇವೆ ಸಲ್ಲಿಸಿದರು. 70 ಸಾವಿರಕ್ಕೂ ಮಿಕ್ಕವರು ಮಡಿದರು. ಅವರ ವಿಷಯದಲ್ಲಿ ಈ ಕಲ್ಲುಗಳು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದು ಪರಿಶೀಲನಾರ್ಹ.

ದೆಹಲಿಯ ಇಂಡಿಯಾ ಗೇಟನ್ನೇ ತೆಗೆದುಕೊಳ್ಳೋಣ. ಲಟ್ಯೆನ್ಸ್ ರೂಪಿಸಿದ, 1931ರಲ್ಲಿ ಉದ್ಘಾಟನೆಗೊಂಡ ಈ ಮಹಾದ್ವಾರದ ನೆತ್ತಿಯಲ್ಲಿ ಫ್ರಾನ್ಸ್, ಮೆಸಪೊಟೇಮಿಯಾ, ಪೂರ್ವ ಆಫ್ರಿಕ ಮುಂತಾದ ರಣಭೂಮಿಗಳನ್ನು ಹೆಸರಿಸಿದೆ. ಗೋಡೆಗಳಲ್ಲಿ ಕೊರೆದಿರುವ 13 ಸಾವಿರಕ್ಕೂ ಮಿಕ್ಕ ಹೆಸರುಗಳು ಅಲ್ಲಿ ಬಿದ್ದವರವೆಂದೇ ನೋಡುವವರು ಭಾವಿಸುತ್ತಾರೆ. ವಾಸ್ತವವಾಗಿ ಅವು ಬಹುತೇಕ ವಾಯವ್ಯ ಗಡಿಯಲ್ಲಿಯೂ 1919ರ ಆಫ್ಘನ್ ಯುದ್ಧದಲ್ಲಿಯೂ ಸತ್ತವರವು. ಮೆಸಪೊಟೇಮಿಯಾ ಎಂಬ ಸ್ಥಳನಾಮ ಅಲ್ಲಿದೆ. ಅಲ್ಲಿ ಸತ್ತವರ ನಾಮಗಳಿಲ್ಲ.

ಹಾಗಾದರೆ ಅವು ಎಲ್ಲಿವೆ? 1927ರಲ್ಲಿ ಫ್ರಾನ್ಸಿನ ನೂವ್ ಶಪೆಲ್‌ನಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ. ಸಿಪಾಯಿಯ ಹೆಸರೂ ಉಂಟು. ಎರಡು ವರ್ಷಗಳ ತರುವಾಯ, 1929ರಲ್ಲಿ, ಅದೇ ಸಾಮ್ರಾಜ್ಯ ಸಮಾಧಿ ಆಯೋಗವು ಬಸ್ರಾದಲ್ಲಿ ಇನ್ನೊಂದು ಸ್ಮಾರಕವನ್ನು ಅನಾವರಣಗೊಳಿಸಿತು. ಅಲ್ಲಿ ಬ್ರಿಟಿಷ್ ಯೋಧರಿಗೆಲ್ಲ ಹೆಸರು. ಭಾರತೀಯರಲ್ಲಿ ಅಧಿಕಾರಿಗಳಿಗೆ ಮಾತ್ರ ಹೆಸರು. ಉಳಿದ ಭಾರತೀಯ ಯೋಧರು ತಮ್ಮ ತಮ್ಮ ಪಡೆಯ ಕೆಳಗೆ ಬರಿಯ ಅಂಕೆಗಳಾದರು. ಪದವಿ, ಜನಾಂಗಗಳ ಭೇದವಿಲ್ಲದೆ ಎಲ್ಲರಿಗೂ ಸಮಾನ ಸ್ಮರಣೆ ಎಂಬುದೇ ಆಯೋಗದ ಮೂಲಸೂತ್ರವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಯೂರೋಪಿನ ಜನರ ಕಣ್ಣೆದುರಿಗೆ ನಡೆದ ಸೂತ್ರವು ಬಸ್ರಾದಲ್ಲಿ ನಡೆಯಲಿಲ್ಲ. ಇದು ಬರಿಯ ಅಜಾಗರೂಕತೆ ಎಂದು ನಾನು ಒಪ್ಪಲಾರೆ. ಆಯೋಗದ ಉತ್ತರಾಧಿಕಾರಿ ಸಂಸ್ಥೆಯೇ 2021ರ ತನ್ನ ವರದಿಯಲ್ಲಿ, ಏಷ್ಯಾ ಆಫ್ರಿಕಗಳ ಯೋಧರ ಸ್ಮರಣೆಯಲ್ಲಿ ಅಸಮಾನತೆ ನಡೆದುದನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಪುಣೆ, ಮದ್ರಾಸುಗಳಲ್ಲಿರುವ ವಾಚಕರಿಗೆ ಇದರ ಸಣ್ಣ ರೂಪವೂ ಪರಿಚಿತವಿರಬಹುದು. ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣಕೊಟ್ಟರು ಎಂಬ ಇಂಗ್ಲಿಷ್ ಫಲಕಗಳು ಆ ಪ್ರಾಂತಗಳ ಹಲವೆಡೆ ಉಳಿದಿವೆ. ಊರಿಗೆಲ್ಲ ಗೊತ್ತಿದ್ದವರೂ ಅಲ್ಲಿ ಲೆಕ್ಕವೇ ಆಗಿದ್ದಾರೆ!

ಈ ಪಟ್ಟಿಗಳ ಪಕ್ಕದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನಿಟ್ಟು ನೋಡಬೇಕು. ಕ್ರಿ. ಶ. 949-50ರ ಈ ಕಲ್ಲು ತಕ್ಕೋಲದ ಯುದ್ಧವನ್ನೂ, ಅದರಲ್ಲಿ ಬೂತುಗನ ಮೆಚ್ಚುಗೆ ಪಡೆದ ಮಣಲೇರನನ್ನೂ ಹೇಳುತ್ತದೆ. ಜೊತೆಗೆ ಅವನು ಬೇಡಿ ಪಡೆದ ಬೇಟೆನಾಯಿಯನ್ನೂ ಹೇಳುತ್ತದೆ. ಅದು ಕಾಡುಹಂದಿಯೊಡನೆ ಕಾದಿ ಸತ್ತಿತು. ಅದರ ಹೆಸರು ಕಾಳಿ. ಕಲ್ಲಿಗೆ ಭೂಮಿಯನ್ನು ಬಿಟ್ಟು, ಪೂಜೆ ಮಾಡದೆ ಉಣ್ಣುವ ಗೊರವನಿಗೆ ಪಾಪವೆಂದು ವಿಧಿಸಿದ್ದಾರೆ. ಸಾವಿರ ವರ್ಷಗಳ ಹಿಂದಿನ ನಾಯಿಯ ಹೆಸರನ್ನು ನಾವು ಬಲ್ಲೆವು. ಬಸ್ರಾದ ಕಲ್ಲಿನಿಂದ ಒಬ್ಬ ಸಿಪಾಯಿಯ ಹೆಸರನ್ನೂ ತಿಳಿಯಲಾರೆವು. ಹಳೆಯ ಕಾಲವು ಸಮಾನತೆಯ ಕಾಲವಾಗಿತ್ತೆಂದು ಇದರ ಅರ್ಥವಲ್ಲ. ಕಾಳಿ ದೊರೆಯ ಕೊಡುಗೆಯಾಗಿದ್ದ ನಾಯಿ. ಅಕ್ಷರವೇ ಇಲ್ಲದ ಮೂಕ ವೀರಗಲ್ಲುಗಳೂ ನಾಡಿನಲ್ಲಿ ಅಸಂಖ್ಯ. ಆದರೂ ನಮ್ಮ ಶಾಸನಕವಿ ಬರೆದಾಗ, ಸತ್ತವರಾರು, ಯಾರೊಡನೆ ಕಾದಿದರು, ಬಿಟ್ಟ ನೆಲವೆಷ್ಟು ಎಂಬುದನ್ನು ಬರೆದನು. ಸ್ಮರಣೆಯೆಂದರೆ ಅವನಿಗೆ ಕಥನ.

ಮಹಾಯುದ್ಧದ ಸಿಪಾಯಿಗೆ ಈ ಕಥನಭಾಗ್ಯ ದೊರೆತದ್ದು ಸಾಹಿತ್ಯದಲ್ಲಿ. ಚಂದ್ರಧರ ಶರ್ಮಾ ಗುಲೇರಿಯವರ ‘ಉಸನೇ ಕಹಾ ಥಾ’ ಎಂಬ ಹಿಂದೀ ಕಥೆ 1915ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ‘ಸರಸ್ವತೀ’ಯಲ್ಲಿ ಬಂದಿತು. ಬಾಲ್ಯದಲ್ಲಿ ಅಮೃತಸರದ ಬೀದಿಯಲ್ಲಿ ಕಂಡ ಹುಡುಗಿ, ಅನಂತರ ಸುಬೇದಾರನ ಹೆಂಡತಿಯಾಗಿ ತನ್ನ ಗಂಡನನ್ನೂ ಮಗನನ್ನೂ ಕಾಪಾಡೆಂದು ಕೇಳಿದ ಮಾತು, ಆ ಮಾತಿಗಾಗಿ ತನ್ನ ಗಾಯವನ್ನು ಮುಚ್ಚಿಟ್ಟು ಕಂದಕದಲ್ಲಿ ಸಾಯುವ ಲಹನಾಸಿಂಗ್. ಇಷ್ಟನ್ನೂ ಹೇಳಿದ ಮೇಲೆ ಲೇಖಕರು ಕಡೆಗೆ ಪತ್ರಿಕೆಯ ಮೃತರ ಪಟ್ಟಿಯಿಂದ ಒಂದು ಸಾಲನ್ನಷ್ಟೇ ಕೊಡುತ್ತಾರೆ: ಪಟ್ಟಿಯ ಸಂಖ್ಯೆ, ಪಡೆ, ಪದವಿ, ಹೆಸರು. ಕಥೆಯ ಶಕ್ತಿಯೆಲ್ಲ ಆ ಶುಷ್ಕವಾದ ಸಾಲಿನಲ್ಲಿದೆ. ಅದನ್ನು ಓದುವ ವೇಳೆಗೆ ಆ ಹೆಸರಿನವನನ್ನು ನಾವು ಬಲ್ಲವರಾಗಿರುತ್ತೇವೆ. ಪೂರ್ವಾರ್ಧದ ಪ್ರಣಯಪ್ರಸಂಗ ತುಸು ನಾಟಕೀಯವೆಂಬ ಆಕ್ಷೇಪಕ್ಕೆ ಎಡೆಯಿದ್ದರೂ ಈ ಮುಕ್ತಾಯ ನಿರ್ದುಷ್ಟವಾದುದು.

ಕನ್ನಡಿಗರಿಗೆ ಈ ಪ್ರಶ್ನೆ ದೂರದ್ದಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರದ ಮೇಲೆ ಜೋಧಪುರದ ಅಶ್ವದಳ ನುಗ್ಗಿದಾಗ ಕಾರ್ಮೆಲ್ ಬೆಟ್ಟದ ಕಡೆಯಿಂದ ಏರಿ ತೋಪುಗಳನ್ನು ಹಿಡಿದವರು ಮೈಸೂರು ಲ್ಯಾನ್ಸರ್ಸ್ ದಳದವರು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. ಆ ಪ್ರತಿಮೆ ಸಂಸ್ಥಾನದ ಪ್ರತೀಕ, ಯಾವ ಸವಾರನ ಚಿತ್ರವೂ ಅಲ್ಲ. ಜೋಧಪುರದ ದಳಪತಿ ದಲಪತ್ ಸಿಂಗರ ಕಥೆಯನ್ನು ರಾಜಸ್ಥಾನದವರು ಹೇಳಿಕೊಳ್ಳುತ್ತಾರೆ. ಮೈಸೂರಿನ ಸವಾರರು ಯಾವ ಊರಿನವರು, ಮನೆಯವರಿಗೆ ಏನೆಂದು ಬರೆಸಿದರು, ಹಿಂದಿರುಗದವರ ಕುಟುಂಬಗಳಿಗೆ ಏನು ದೊರೆಯಿತು ಎಂಬುದನ್ನು ಮೈಸೂರು ಸಂಸ್ಥಾನದ ಹಳೆಯ ಕಡತಗಳಲ್ಲಿಯೂ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿಯೂ ಅರಸಬೇಕು. ದೆಹಲಿಯಲ್ಲಿರುವ ನಮ್ಮವರಿಗೆ ಎರಡನೆಯದು ಬಸ್ಸಿನ ದಾರಿಯಷ್ಟೇ.