ಗ್ರೇಂಜರನ ದಾರಿಯಲ್ಲಿ ಹಿಗ್ಗಿದ ಚರಿತ್ರೆ

ಶಿಪ್ಲೇಕಿನ ಪಾದ್ರಿ ಜೇಮ್ಸ್ ಗ್ರೇಂಜರನು 1769ರಲ್ಲಿ ಪ್ರಕಟಿಸಿದ ಇಂಗ್ಲೆಂಡಿನ ಚರಿತ್ರೆಯು ಅಚ್ಚಿನ ಭಾವಚಿತ್ರಗಳನ್ನು ವರ್ಗೀಕರಿಸಿದ ಸೂಚಿಯೇ ಹೊರತು ಚಿತ್ರಸಂಪುಟವಲ್ಲ. ಸಂಗ್ರಾಹಕರು ಆ ಚಿತ್ರಗಳನ್ನು ಅರಸಿ ತಂದು, ಗ್ರಂಥದ ಕಟ್ಟು ಬಿಚ್ಚಿ, ಪುಟಗಳ ನಡುವೆ ಸೇರಿಸಿ ಮತ್ತೆ ಕಟ್ಟಿಸತೊಡಗಿದರು. ಈ ಹವ್ಯಾಸಕ್ಕೆ ಅವನ ಹೆಸರೇ ನಿಂತಿತು. ಇದು ಸಿರಿವಂತರ ಕಾಲಹರಣವೆಂಬ ಆಕ್ಷೇಪವುಂಟು. ಚಿತ್ರಕ್ಕಾಗಿ ಕತ್ತರಿಗೆ ಬಲಿಯಾದ ಇತರ ಪುಸ್ತಕಗಳನ್ನು ನೆನೆದರೆ ಅದು ನಿರಾಧಾರವೇನಲ್ಲ.

ಆದರೆ ಸದರ್‌ಲ್ಯಾಂಡ್ ದಂಪತಿಗಳ ಸಂಗ್ರಹವು ಬೇರೊಂದು ಓದನ್ನು ಬೇಡುತ್ತದೆ. ಕ್ಲಾರೆಂಡನ್ ಮತ್ತು ಬರ್ನೆಟರ ಇತಿಹಾಸಗಳು ಅಲ್ಲಿ 61 ಬೃಹತ್ ಸಂಪುಟಗಳಾಗಿ ಹಿಗ್ಗಿವೆ. 17ನೆಯ ಶತಮಾನದ ಅಂತರ್ಯುದ್ಧವನ್ನು ಬರೆದ ಕ್ಲಾರೆಂಡನ್ ರಾಜಪಕ್ಷದವನು. ಸಂಗ್ರಾಹಕನ ಮೋಹಕ್ಕಾದರೋ ಪಕ್ಷವಿಲ್ಲ. ಒಂದನೆಯ ಚಾರ್ಲ್ಸನ ಜೊತೆಗೆ ಕ್ರಾಮ್‌ವೆಲ್ಲನೂ ನೂರಾರು ಚಿತ್ರಗಳಲ್ಲಿ ಎದುರು ನಿಲ್ಲುತ್ತಾನೆ. ಲೇಖಕನ ತೀರ್ಪಿಗೆ ಪ್ರತಿಸಾಕ್ಷ್ಯವು ಅದೇ ಹೊದಿಕೆಯೊಳಗೆ ದೊರೆಯುತ್ತದೆ. ಮೂಲದಿಂದ ಬೇರ್ಪಟ್ಟ ಚಿತ್ರವು ತನ್ನ ಹಿನ್ನೆಲೆಯ ಗುರುತನ್ನು ಕಳೆದುಕೊಳ್ಳುತ್ತದೆಂಬುದೂ ನಿಜವೇ. ಗ್ರಂಥಾಲಯವು ಇಂಥ ಪ್ರತಿಯನ್ನು ಲೇಖಕನ ಹೆಸರಿನಲ್ಲಷ್ಟೇ ದಾಖಲಿಸಿದರೆ ಚಿತ್ರಗಳು ಮರೆಯಾಗುತ್ತವೆ; ಬಿಡಿಸಿಟ್ಟರೆ ಈ ಮುಖಾಮುಖಿಯೇ ಅಳಿಯುತ್ತದೆ. 1820ರಲ್ಲಿ ಪತಿ ತೀರಿಕೊಂಡ ಮೇಲೂ ಕಾರ್ಯವನ್ನು ಮುಂದುವರಿಸಿದ ಷಾರ್ಲೆಟ್ ಸದರ್‌ಲ್ಯಾಂಡ್, 1837ರಲ್ಲಿ ಸಂಗ್ರಹವನ್ನು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯಕ್ಕೆ ಒಪ್ಪಿಸಿದಳು; ಅದು ಈಗ ಅದೇ ಊರಿನ ಆಶ್ಮೋಲಿಯನ್ ಸಂಗ್ರಹಾಲಯದಲ್ಲಿದೆ. ಚಿತ್ರಗಳ 2 ಸಂಪುಟಗಳ ಸೂಚಿಯೂ 1837ರಲ್ಲಿಯೇ ಅಚ್ಚಾಯಿತು.