ಯೋಧ ಜನಾಂಗದ ಕಲ್ಪನೆ ಮತ್ತು ಜನಪದ ವೀರ: ಯಲ್ದೂರು ಸೀಮೆಯ ನೆಲೆಯಿಂದ ಒಂದು ವಿಮರ್ಶೆ

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಸೀಮೆಯು ಕನ್ನಡ ಮತ್ತು ತೆಲುಗು ಎರಡೂ ಬೆರೆತು ಉಸಿರಾಡುವ ಪ್ರದೇಶ. ಗಂಗ, ಬಾಣ, ನೊಳಂಬ, ವೈದುಂಬ ಅರಸರ ಕಾದಾಟಗಳಿಗೆ ನೆಲೆಯಾಗಿದ್ದ ಈ ಗಡಿನಾಡು ವೀರಗಲ್ಲುಗಳ ದೃಷ್ಟಿಯಿಂದ ಅತ್ಯಂತ ಸಂಪನ್ನವಾದುದು. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೆಯ ಸಂಪುಟವು (೧೯೦೫) ಕೋಲಾರ ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ದಾಖಲಿಸಿದೆ. ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಕೃತಿಯು ಈ ಸ್ಮಾರಕಗಳ ಅಧ್ಯಯನಕ್ಕೆ ಒಂದು ಶಿಸ್ತನ್ನು ಒದಗಿಸಿತು. ತುರುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಸಂದರ್ಭವಾಚಕ ಪದಗಳು ಇಂದು ವಿದ್ವಾಂಸರಿಗೆ ಸುಪರಿಚಿತ. ಆದರೆ ಈ ಕಲ್ಲುಗಳ ಮುಂದೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಉಳಿದೇ ಇದೆ. ವೀರತ್ವವೆಂಬುದು ಕೃತ್ಯವೋ, ಕುಲವೋ?

ಈ ಭಾಗದ ಪ್ರಾಚೀನ ವೀರಗಲ್ಲುಗಳ ಬರಹವನ್ನು ಅವಲೋಕಿಸಿದರೆ ಅವು ಹೆಚ್ಚಾಗಿ ಹೇಳುವುದು ಇಷ್ಟು: ಯಾವ ಅರಸನ ಆಳಿಕೆಯಲ್ಲಿ, ಯಾರ ಆಳು, ಯಾವ ಕಾರಣಕ್ಕೆ ಇರಿದು ಸತ್ತನು, ಅವನ ಮಕ್ಕಳಿಗೆ ಯಾವ ಭೂಮಿ ಸಂದಿತು. ಬಾಳ್ಗಚ್ಚು, ಕಲ್ನಾಡು, ನೆತ್ತರುಗೊಡಗೆ ಮೊದಲಾದ ದತ್ತಿಗಳು ಸತ್ತವನ ಕೃತ್ಯಕ್ಕೆ ಸಂದ ಬೆಲೆಗಳು. ಕುಲದ ಉಲ್ಲೇಖ ಇಲ್ಲವೇ ಇಲ್ಲವೆಂದಲ್ಲ. ಆದರೆ ಕಲ್ಲನ್ನು ನೆಡಲು ಅದು ಕಾರಣವಲ್ಲ. ಹಾಗೆಂದು ವೀರಗಲ್ಲನ್ನು ಸಮಾನತೆಯ ದಾಖಲೆಯೆಂದು ಕೊಂಡಾಡುವುದೂ ಸಲ್ಲದು. ಅದು ಒಡೆಯನ ದಾಖಲೆ. ಆಳಿನ ಸಾವನ್ನು ಒಡೆಯನ ಋಣದ ಲೆಕ್ಕದಲ್ಲಿ ಬರೆದುಕೊಳ್ಳುವ ವಿಧಾನ. ಆದರೂ ಸಾಯುವ ಯೋಗ್ಯತೆ ಇಂಥ ಕುಲಕ್ಕೆ ಮಾತ್ರ ಹುಟ್ಟಿನಿಂದ ಬಂದಿದೆ ಎಂಬ ವಾದ ಅಲ್ಲಿಲ್ಲ. ಆ ವಾದ ಬಹಳ ತಡವಾಗಿ, ಕಡಲಾಚೆಯಿಂದ ಬಂದುದು.

೧೮೫೭ರ ದಂಗೆಯ ನಂತರ ಬ್ರಿಟಿಷ್ ಸೇನಾಡಳಿತವು ರೂಪಿಸಿದ ‘ಯೋಧ ಜನಾಂಗ’ ಸಿದ್ಧಾಂತವು ಹತ್ತೊಂಬತ್ತನೆಯ ಶತಮಾನದ ಜನಾಂಗಶಾಸ್ತ್ರವನ್ನು ಜಾತಿವ್ಯವಸ್ಥೆಯ ಮೇಲೆ ಹೊದಿಸಿದ ಒಂದು ಹೊದಿಕೆ. ೧೮೮೧ರಿಂದ ೧೮೮೫ರವರೆಗೆ ಮದರಾಸು ಸೇನೆಗೂ ಅನಂತರ ೧೮೯೩ರವರೆಗೆ ಭಾರತದ ಸಮಸ್ತ ಸೇನೆಗೂ ದಂಡನಾಯಕನಾಗಿದ್ದ ಫ್ರೆಡರಿಕ್ ರಾಬರ್ಟ್ಸ್ ದಕ್ಷಿಣದ ಜನ ಯುದ್ಧಕ್ಕೆ ಒದಗುವವರಲ್ಲವೆಂದು ದೃಢವಾಗಿ ನಂಬಿದ್ದನು. ಅವನ ನೀತಿಯ ಫಲವಾಗಿ ಮದರಾಸಿನ ಪಡೆಗಳು ಒಂದೊಂದಾಗಿ ಕರಗಿ ಪಂಜಾಬಿ ಪಡೆಗಳಾದವು. ತೆಲುಗು ಭಾಷಿಕರ ಭರ್ತಿ ಕುಗ್ಗಿತು. ೧೮೧೮ರ ಕೋರೆಗಾಂವ್ ಕದನದಲ್ಲಿ ಕಂಪನಿಯ ಪರವಾಗಿ ಕಾದಿದ ಮಹಾರರಿಗೆ ೧೮೯೦ರ ದಶಕದ ಆರಂಭದಲ್ಲಿ ಸೇನೆಯ ಬಾಗಿಲು ಮುಚ್ಚಿತು. ಮಹಾರ್ ರೆಜಿಮೆಂಟ್ ರೂಪುಗೊಳ್ಳಲು ೧೯೪೧ರ ಮಹಾಯುದ್ಧದ ಒತ್ತಡವೇ ಬೇಕಾಯಿತು. ಬೆಂಗಳೂರಿನ ಮದರಾಸು ಸ್ಯಾಪರ್ಸ್ ಪಡೆಯಲ್ಲಿ ಅಸ್ಪೃಶ್ಯ ಜಾತಿಗಳ ಸೈನಿಕರು ಉಳಿದುಕೊಂಡರು. ಮಣ್ಣು ಅಗೆಯುವ, ಸೇತುವೆ ಕಟ್ಟುವ ಪಡೆಯಲ್ಲಿ ಅವರು ಉಳಿದದ್ದನ್ನು ಕೇವಲ ಆಕಸ್ಮಿಕವೆನ್ನಲು ಕಷ್ಟ.

ಇತ್ತ ಕೋಲಾರದ ನೆಲವೇ ರಾಬರ್ಟ್ಸ್‌ನ ಮಾತಿಗೆ ಉತ್ತರ ಕೊಡಬಲ್ಲುದಾಗಿತ್ತು. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯು ೧೭೬೮ರಲ್ಲಿ ಇದೇ ಮುಳಬಾಗಿಲಿನ ಬಳಿ ಕಂಪನಿಯ ಸೇನೆಯನ್ನು ಎದುರಿಸಿದನು. ಹೈದರ್ ಮತ್ತು ಟಿಪ್ಪುವಿನ ಕಾಲಾಳುಗಳಲ್ಲಿ ಬೇಡರು ಗಣನೀಯ ಸಂಖ್ಯೆಯಲ್ಲಿದ್ದರೆಂಬುದನ್ನು ಥರ್ಸ್ಟನ್ ಕೂಡ ತನ್ನ ೧೯೦೯ರ ಏಳು ಸಂಪುಟಗಳಲ್ಲಿ ಗುರುತಿಸುತ್ತಾನೆ. ಸೋತವರ ಸೈನಿಕರು ಗೆದ್ದವರ ಕಡತದಲ್ಲಿ ಯೋಧರಾಗುವುದಿಲ್ಲ. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಮತ್ತು ಅದನ್ನು ವಿಸ್ತರಿಸಿದ ೧೯೧೧ರ ಕಾಯ್ದೆಗಳು ಯೋಧ ಜನಾಂಗ ಸಿದ್ಧಾಂತದ ಇನ್ನೊಂದು ಮುಖವೆಂಬುದನ್ನು ಇಲ್ಲಿ ನೆನೆಯಬೇಕು. ಹುಟ್ಟಿನಿಂದ ಶೂರರು ಇರುವುದಾದರೆ ಹುಟ್ಟಿನಿಂದ ಕಳ್ಳರೂ ಇರಲೇಬೇಕಲ್ಲವೇ?

ಈ ವಿಂಗಡಣೆಯು ಅತ್ಯಂತ ನಗ್ನವಾಗಿ ಕಾಣುವುದು ಯಲ್ದೂರಿಗೆ ದೂರವಲ್ಲದ ಕೋಲಾರ ಚಿನ್ನದ ಗಣಿಯಲ್ಲಿ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯ ಪ್ರವೇಶದೊಂದಿಗೆ ಬೆಳೆದ ಈ ಪಟ್ಟಣವು ವರ್ಣದ ಆಧಾರದ ಮೇಲೆ ಪದರಗೊಂಡಿತ್ತು. ಮೇಲೆ ಯುರೋಪಿಯನ್ನರ ಬಂಗಲೆ ಮತ್ತು ಕ್ಲಬ್ಬು. ನಡುವೆ ಆಂಗ್ಲೋ ಇಂಡಿಯನ್ನರು. ಕೆಳಗೆ ತಮಿಳು, ತೆಲುಗು ಆದಿದ್ರಾವಿಡ ಕಾರ್ಮಿಕರ ತಟ್ಟಿಯ ಗುಡಿಸಲುಗಳು. ಕಾವಲು ಪಡೆಗೆ ಪಂಜಾಬಿಗಳನ್ನು ತರಿಸಿಕೊಳ್ಳಲಾಯಿತು. ಯೋಧ ಜನಾಂಗದ ಸಿದ್ಧಾಂತ ಗಣಿಯ ಗೇಟಿಗೂ ಬಂದು ನಿಂತಿತ್ತು. ೧೯೦೩ರಲ್ಲಿ ರಚನೆಯಾದ ಕೋಲಾರ ಗೋಲ್ಡ್ ಫೀಲ್ಡ್ಸ್ ಸ್ವಯಂಸೇವಕ ಪಡೆಯು ೧೯೨೦ರ ಆಕ್ಸಿಲರಿ ಫೋರ್ಸ್ ಕಾಯ್ದೆಯಡಿ ಬೆಟಾಲಿಯನ್ ಆಗಿ ಮುಂದುವರಿಯಿತು. ಆ ಫೋರ್ಸಿಗೆ ಸೇರಲು ಯುರೋಪಿಯನ್ ಅಥವಾ ಆಂಗ್ಲೋ ಇಂಡಿಯನ್ ಆಗಿರಬೇಕಿತ್ತು. ಭೂಮಿಯ ಆಳಕ್ಕೆ ದಿನವೂ ಇಳಿದು ಬಂಡೆ ಸಿಡಿತಕ್ಕೆ ಎದೆಯೊಡ್ಡುತ್ತಿದ್ದವರಿಗೆ ಬಂದೂಕು ಹಿಡಿಯುವ ‘ಗುಣ’ ಇರಲಿಲ್ಲವಂತೆ! ೧೯೩೦ರಲ್ಲಿ ಅದೇ ಕಾರ್ಮಿಕರ ಬೆರಳಚ್ಚು ತೆಗೆದುಕೊಳ್ಳಲು ಹೊರಟಾಗ ಅವರು ಮುಷ್ಕರ ಹೂಡಿದರು. ಜಾನಕಿ ನಾಯರ್ ಅವರ ೧೯೯೮ರ ಸಂಶೋಧನ ಕೃತಿಯು ಗಣಿಯ ಈ ಚರಿತ್ರೆಯನ್ನು ವಿವರವಾಗಿ ಪರಿಶೀಲಿಸಿದೆ. ಅಯೋತಿ ದಾಸರ ಪ್ರೇರಣೆಯಿಂದ ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್‌ಗಳಲ್ಲಿ ಬೌದ್ಧ ಸಂಘಗಳು ತಲೆಯೆತ್ತಿದ್ದನ್ನೂ ಈ ಅಪಮಾನದ ಹಿನ್ನೆಲೆಯಲ್ಲೇ ಓದಬೇಕು. ಕರ್ನಾಟಕದ ಜಾನಪದ ಅಧ್ಯಯನವು ಗಣಿಯ ಹಾಡುಗಳನ್ನು ತಮಿಳಿನವೆಂದು ಬದಿಗೆ ಸರಿಸಿದ್ದು ಮಾತ್ರ ಭಾಷೆಯ ಹೆಸರಿನಲ್ಲಿ ನಡೆದ ಮತ್ತೊಂದು ವಿಂಗಡಣೆ.

ಜಾನಪದ ಸಂಗ್ರಹದ ಚರಿತ್ರೆಯೂ ಈ ಸಿದ್ಧಾಂತದ ನೆರಳಿನಿಂದ ಹೊರಗಿಲ್ಲ. ಮುಂಬಯಿ ಸಿವಿಲ್ ಸೇವೆಯ ಜೆ.ಎಫ್. ಫ್ಲೀಟ್ ಹಲಗಲಿಯ ಬೇಡರ ಮತ್ತು ಸಂಗೊಳ್ಳಿ ರಾಯಣ್ಣನ ಲಾವಣಿಗಳನ್ನು ಇಂಡಿಯನ್ ಆಂಟಿಕ್ವೆರಿಯಲ್ಲಿ ೧೮೮೫ರ ನಂತರ ಪ್ರಕಟಿಸಿದನು. ಬಂಡಾಯವನ್ನು ಹತ್ತಿಕ್ಕಿದ ಆಡಳಿತದ ಅಧಿಕಾರಿಯೇ ಬಂಡಾಯದ ಹಾಡನ್ನು ಉಳಿಸಿಕೊಟ್ಟದ್ದು ಸೋಜಿಗ. ಅದಕ್ಕಾಗಿ ಕನ್ನಡಿಗರು ಅವನಿಗೆ ಕೃತಜ್ಞರು. ಆದರೆ ಲಾವಣಿ ಹೇಳುವ ಪ್ರಸಂಗದ ಮೂಲವಾದರೂ ಯಾವುದು? ೧೮೫೭ರ ನಿಶ್ಶಸ್ತ್ರೀಕರಣ ಕಾಯ್ದೆ. ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯನ್ನು ಆ ವರ್ಷದ ನವೆಂಬರಿನಲ್ಲಿ ಸುಡಲಾಯಿತು, ಹಲವರನ್ನು ಗಲ್ಲಿಗೇರಿಸಲಾಯಿತು. ಅದೇ ನಿಶ್ಶಸ್ತ್ರೀಕರಣದಿಂದ ಕೊಡಗರಿಗೆ ಅವರ ರಾಜನಿಷ್ಠೆಗಾಗಿ ೧೮೬೧ರಲ್ಲಿ ಮಾರ್ಕ್ ಕಬ್ಬನ್ ವಿನಾಯಿತಿ ನೀಡಿದನು. ಒಂದೇ ಕಾಯ್ದೆ ಒಂದೆಡೆ ಊರನ್ನು ಬೂದಿ ಮಾಡಿತು, ಇನ್ನೊಂದೆಡೆ ಕೋವಿಯನ್ನು ಗೌರವದ ಗುರುತಾಗಿಸಿತು.

ಕೊಡವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ನಡೆಯುವ ಪೂಜೆಯನ್ನು ವಸಾಹತು ಕಾಲದ ಕೊಡುಗೆಯೆಂದು ಯಾರೂ ಹೇಳಲಾರರು; ಆಯುಧಪೂಜೆಗೆ ಅದಕ್ಕಿಂತ ಹಿಂದಿನ ಬೇರುಗಳಿವೆ. ಪ್ರಶ್ನೆ ಆಚರಣೆಯದಲ್ಲ, ಕಾನೂನಿನ ಪದದ್ದು. ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ ಅಧಿಸೂಚನೆಯಲ್ಲಿ ‘ಕೊಡಗು ಜನಾಂಗ’ ಎಂಬರ್ಥದ ಪದವೇ ಮುಂದುವರಿಯಿತು, ಜೊತೆಗೆ ಜಮ್ಮಾ ಹಿಡುವಳಿದಾರರೂ ಸೇರಿದರು. ೨೦೧೯ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಅದನ್ನು ೨೦೨೯ರವರೆಗೆ ಮುಂದುವರಿಸಿತು. ನಿವೃತ್ತ ಸೇನಾಧಿಕಾರಿಯೊಬ್ಬರು ಇದು ಜನಾಂಗ ಮತ್ತು ಜಮೀನಿನ ಆಧಾರದ ತಾರತಮ್ಯವೆಂದು ಪ್ರಶ್ನಿಸಿದರು. ಕೊಡವರು ಯೋಧ ಸಮುದಾಯವೆಂಬುದನ್ನೂ ವಿನಾಯಿತಿ ಸ್ವಾತಂತ್ರ್ಯಪೂರ್ವದಿಂದ ಬಂದದ್ದೆಂಬುದನ್ನೂ ಪರಿಗಣಿಸಿ ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೧ರ ಸೆಪ್ಟೆಂಬರಿನಲ್ಲಿ ಅದನ್ನು ಎತ್ತಿಹಿಡಿಯಿತು. ರಾಬರ್ಟ್ಸ್‌ನ ಕಾಲದ ಪರಿಭಾಷೆ ಎಷ್ಟು ಗಟ್ಟಿಯೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪುರಾವೆ ಬೇಕಿಲ್ಲ. ಇದರ ಮಗ್ಗುಲಲ್ಲಿ ಇನ್ನೊಂದು ಸಂಗತಿಯನ್ನೂ ಇಡಬೇಕು. ಕೊಡಗಿನವರೇ ಆದ ಕೆ.ಎಂ. ಕಾರ್ಯಪ್ಪನವರು ೧೯೪೯ರ ಜನವರಿಯಲ್ಲಿ ಸೇನೆಯ ಪ್ರಥಮ ಭಾರತೀಯ ದಂಡನಾಯಕರಾದ ವರ್ಷವೇ ಎಲ್ಲ ಜಾತಿ, ಪ್ರದೇಶಗಳ ಸೈನಿಕರನ್ನು ಒಟ್ಟುಗೂಡಿಸಿದ ಗಾರ್ಡ್ಸ್ ಪಡೆಯನ್ನು ಕಟ್ಟಿದರು. ಇಡೀ ಸೇನೆಗೆ ಆ ತತ್ತ್ವವನ್ನು ಅನ್ವಯಿಸುವ ಮಾತು ಬಂದದ್ದು ೨೦೨೨ರ ಅಗ್ನಿಪಥ ಯೋಜನೆಯಲ್ಲಿ, ಎಪ್ಪತ್ತಮೂರು ವರ್ಷಗಳ ಅನಂತರ.

ಸೇನೆಯ ಭರ್ತಿಪಟ್ಟಿಯಿಂದ ಈ ಕಲ್ಪನೆ ಸಡಿಲಗೊಳ್ಳುತ್ತಿರುವಾಗಲೇ ಜಾತಿ ಸಂಘಗಳ ಸ್ಮರಣಸಂಚಿಕೆಗಳಲ್ಲಿ ಅದು ಮೈತುಂಬಿಕೊಳ್ಳುತ್ತಿದೆ. ಇದರಲ್ಲಿ ಜಾನಪದ ವಿದ್ವಾಂಸರ ಪಾಲು ಕಡಿಮೆಯದಲ್ಲ. ಕುಮಾರರಾಮನು ಯಾವ ಜಾತಿಯವನೆಂಬ ಚರ್ಚೆಗೆ ವ್ಯಯವಾದ ಪುಟಗಳಲ್ಲಿ ಅರ್ಧದಷ್ಟಾದರೂ ಅವನ ಕಥೆಯನ್ನು ಹಾಡುವವರ ಬದುಕಿಗೆ ಸಂದಿದ್ದರೆ ಲಾಭವಾಗುತ್ತಿತ್ತು. ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನು ಊರ ಕಾವಲಿನ ಸೇತಸನದಿ. ಅವನ ಬಂಡಾಯಕ್ಕೆ ಇನಾಮು ಭೂಮಿಯ ಪ್ರಶ್ನೆಯೂ ಕಾರಣ. ಅವನ ತಂಡದಲ್ಲಿ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಗಜವೀರನಿದ್ದನೆಂದು ಮೌಖಿಕ ಪರಂಪರೆ ನೆನೆಯುತ್ತದೆ. ಲಾವಣಿಕಾರನಿಗೆ ಗಜವೀರನ ಮೈಬಣ್ಣ ಅಡ್ಡಿಯಾಗಲಿಲ್ಲ. ರಾಯಣ್ಣನನ್ನು ಒಂದು ಸಮುದಾಯದ ರಕ್ತಗುಣಕ್ಕೆ ಉದಾಹರಣೆಯಾಗಿಸುವ ಬರಹಗಳಲ್ಲಿ ಮಾತ್ರ ಗಜವೀರನಿಗೆ ಸ್ಥಳವಿಲ್ಲ. ಸೇತಸನದಿಯ ಸಂಗತಿಯೂ ಅಲ್ಲಿ ತೆಳುವಾಗುತ್ತದೆ.

ಯಲ್ದೂರು ಸೀಮೆಯಲ್ಲಿ ಈ ಸೇತಸನದಿಗೆ ಸಂವಾದಿಯಾಗಿ ನಿಲ್ಲುವವರು ತಳವಾರ, ತೋಟಿ, ನೀರಗಂಟಿಗಳು. ರಾತ್ರಿ ಊರು ಕಾದವರು, ಕೆರೆಯ ತೂಬು ಕಾದವರು, ಸಾವಿನ ಸುದ್ದಿ ಹೊತ್ತು ಹೊಲ ದಾಟಿದವರು. ಇವರಲ್ಲಿ ಬಹುಪಾಲು ಜನ ಹೊಲೆಯ, ಮಾದಿಗ, ಬೇಡ ಸಮುದಾಯಗಳವರು. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯು (೧೯೬೧) ವಂಶಪಾರಂಪರ್ಯ ಚಾಕರಿಯನ್ನು ತೊಡೆದುಹಾಕಿತು. ಚಾಕರಿಯ ಮೇಲಿದ್ದ ಕೀಳರಿಮೆ ತೊಡೆದುಹೋಗಲಿಲ್ಲ. ಕಾವಲೇ ಯೋಧನ ಲಕ್ಷಣವಾದರೆ ಈ ಸೀಮೆಯ ಅತ್ಯಂತ ಹಳೆಯ ಯೋಧರು ಇವರೇ. ಆದರೆ ವೀರಗೀತೆಗಳ ಸಂಪುಟಗಳಲ್ಲಿ ಅವರ ಹಾಡುಗಳು ‘ವೃತ್ತಿಗೀತೆ’ಗಳಾಗಿ ಬೇರೆ ಅಧ್ಯಾಯ ಸೇರಿವೆ.

ವರ್ಗೀಕರಣದ ಈ ಮಾತು ಪಾಂಡಿತ್ಯದ ಕಾಲಕ್ಷೇಪವಲ್ಲ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ, ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ೨೦೦೦ದ ಮಾರ್ಚ್ ೧೧ರಂದು ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ೨೦೦೬ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, ಸಾಕ್ಷಿಗಳು ಪ್ರತಿಕೂಲರಾಗಿದ್ದರು. ೨೦೧೪ರಲ್ಲಿ ಉಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಸಾವಿರ ವರ್ಷಗಳ ಹಿಂದೆ ದನಗಳಿಗಾಗಿ ಇರಿದು ಸತ್ತವನ ಹೆಸರನ್ನು ಕಲ್ಲಿನ ಮೇಲೆ ಉಳಿಸಿಕೊಂಡ ನಾಡಿನಲ್ಲಿ ಆರೇ ವರ್ಷಗಳಲ್ಲಿ ನ್ಯಾಯಾಲಯದ ಮುಂದೆ ನಿಲ್ಲುವ ಸಾಕ್ಷಿ ಉಳಿಯಲಿಲ್ಲ. ಕೆಲವರು ಹುಟ್ಟಿನಿಂದ ಆಳುವವರು, ಕೆಲವರು ಹುಟ್ಟಿನಿಂದ ತಗ್ಗುವವರು ಎಂಬ ನಂಬಿಕೆಯು ಬ್ಯಾರಕ್ಕಿನಲ್ಲಿ ಸಿದ್ಧಾಂತವಾಗಿರುತ್ತದೆ, ಹಳ್ಳಿಯಲ್ಲಿ ಅದಕ್ಕೆ ಸಿದ್ಧಾಂತದ ಅಗತ್ಯವಿಲ್ಲ.

ಶ್ರೀನಿವಾಸಪುರ, ಮುಳಬಾಗಿಲು ತಾಲ್ಲೂಕುಗಳ ವೀರಗಲ್ಲುಗಳ ಸಮೀಕ್ಷೆ ಮುಂದೆ ನಡೆಯುವುದಾದರೆ ಅದು ಕಲ್ಲಿನ ಅಳತೆ, ಲಿಪಿ, ಕಾಲಗಳನ್ನು ಬರೆದುಕೊಂಡು ಹಿಂದಿರುಗಬಾರದು. ಕಲ್ಲು ಈಗ ಯಾರ ಕೇರಿಯಲ್ಲಿದೆ, ಯಾರು ಅದಕ್ಕೆ ಎಣ್ಣೆ ಹಚ್ಚುತ್ತಾರೆ, ಯಾರು ಅದನ್ನು ಮುಟ್ಟುವಂತಿಲ್ಲ, ಹಬ್ಬದಂದು ತಮಟೆ ಬಡಿಯುವವನು ಕಲ್ಲಿನಿಂದ ಎಷ್ಟು ದೂರ ನಿಲ್ಲುತ್ತಾನೆ ಎಂಬುದೂ ಕ್ಷೇತ್ರಪುಸ್ತಕದಲ್ಲಿ ಸೇರಬೇಕು. ಕಂಬಾಲಪಲ್ಲಿಯ ನಂತರ ದಲಿತ ಚಳವಳಿಯ ತಂಡಗಳು ಕನ್ನಡ, ತೆಲುಗುಗಳಲ್ಲಿ ಹಾಡಿಕೊಂಡು ಬಂದ ಹಾಡುಗಳನ್ನು, ಹಾಡಿದವರು ಇರುವಾಗಲೇ, ವೀರಗೀತೆಗಳ ಸಾಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬೇಕು.