ಒಂದೂಕಾಲು ಥೌ ತಕರಾರು

ಬಿಎಂಡಬ್ಲ್ಯು ಎಂ3 ಕಾರಿನ ಎಸ್65 ಎಂಜಿನ್ ಬಗ್ಗೆ ಮಾತು ತೆಗೆದರೆ ಸಾಕು, ಎರಡನೆಯ ವಾಕ್ಯದಲ್ಲೇ ಕನೆಕ್ಟಿಂಗ್ ರಾಡ್ ಬೇರಿಂಗ್ ಬಂದು ಕೂರುತ್ತದೆ. 2007ರಿಂದ 2013ರವರೆಗೆ ತಯಾರಾದ ಈ ನಾಲ್ಕು ಲೀಟರಿನ ವಿ8 ಟರ್ಬೊ ಹಂಗಿಲ್ಲದೆ 420 ಅಶ್ವಶಕ್ತಿ ಕೊಡುತ್ತದೆ, 8,400 ಆರ್‌ಪಿಎಂವರೆಗೆ ಏರುತ್ತದೆ. ಅದರ ದನಿಗೆ ಮರುಳಾದವರು ಎಷ್ಟು ಮಂದಿಯೋ, ಚೆನ್ನಾಗಿ ಓಡುತ್ತಿದ್ದ ಎಂಜಿನ್ ಒಂದು ಬೆಳಿಗ್ಗೆ ತಳದಿಂದ ಟಕಟಕ ಬಡಿಯತೊಡಗಿ ಕೊನೆಗೆ ಕನ್ರಾಡ್ ಬ್ಲಾಕನ್ನೇ ಒಡೆದುಕೊಂಡು ಹೊರಬಂದ ಕಥೆ ಹೇಳುವವರೂ ಅಷ್ಟೇ ಮಂದಿ. ಹಾಗಾಗಿ ಏನೂ ಕೆಡುವ ಮೊದಲೇ ಕಂಪನಿಯ ಬೇರಿಂಗ್ ತೆಗೆಸಿ ‘ಪರ್ಫಾರ್ಮೆನ್ಸ್’ ಬೇರಿಂಗ್ ಹಾಕಿಸಿಕೊಳ್ಳುವುದು ಈ ಕಾರಿನವರಲ್ಲಿ ಒಂದು ವ್ರತದಂತೆ ಬೆಳೆದಿದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಈ ಒಂದು ಕೆಲಸಕ್ಕೇ ಹೆಸರಾದ ಗ್ಯಾರೇಜುಗಳಿವೆ. ಈ ರೂಢಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಬದಲಿಸುವ ನಿರ್ಧಾರ ಸರಿ, ಬದಲಿಸುವ ರೀತಿ ಬಹುಪಾಲು ಅರೆಬರೆ.

ಬೇರಿಂಗ್ ಮೇಲೆ ಬೀಳುವ ಹೊರೆ ಎಷ್ಟೆಂದು ನೋಡೋಣ. ಈ ಎಂಜಿನ್ನಿನ ಸ್ಟ್ರೋಕ್ 75.2 ಮಿ.ಮೀ. ಗರಿಷ್ಠ ವೇಗದಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 140 ಸುತ್ತು ಹಾಕುತ್ತದೆ. ಪಿಸ್ಟನ್, ಪಿನ್ ಸೇರಿ ಅರ್ಧ ಕಿಲೊ ಎಂದಿಟ್ಟುಕೊಂಡರೂ, ಮೇಲಕ್ಕೆ ನುಗ್ಗಿದ ಅದನ್ನು ತಡೆದು ಕೆಳಕ್ಕೆ ಎಳೆಯಲು ಒಂದೂವರೆ ಟನ್ನಿಗೂ ಮಿಕ್ಕಿದ ಬಲ ಬೇಕು. ಆ ಎಳೆತವೆಲ್ಲ ಬೀಳುವುದು ಕನ್ರಾಡಿನ ಬಿಗ್ ಎಂಡ್ ಕ್ಯಾಪಿನ ಮೇಲೆ, ಅದರೊಳಗೆ ಕೂತ ಅರ್ಧವೃತ್ತದ ಚಿಪ್ಪಿನ ಮೇಲೆ. ಪೆಟ್ರೋಲ್ ಉರಿದು ತಳ್ಳುವಾಗಿನ ಹೊರೆ ಮೇಲಿನ ಚಿಪ್ಪಿಗೆ. ಚಿಪ್ಪಿಗೂ ಕ್ರ್ಯಾಂಕಿನ ಜರ್ನಲ್‌ಗೂ ನಡುವೆ ಇರುವುದು ಆಯಿಲ್ ಒಂದೇ. ಹೊರೆ ಏರಿದ ಗಳಿಗೆಯಲ್ಲಿ ಆ ಪದರ ಒಂದೆರಡು ಮೈಕ್ರಾನಿಗೆ ಇಳಿಯುತ್ತದೆ.

ತಕರಾರು ಇರುವುದು ಆ ಆಯಿಲ್‌ಗೆ ಬಿಟ್ಟ ಸಂದಿನ ಬಗ್ಗೆ. ಎಂಜಿನ್ ಕಟ್ಟುವವರ ಹಳೆಯ ಲೆಕ್ಕ ಒಂದಿದೆ: ಜರ್ನಲ್ ವ್ಯಾಸದ ಪ್ರತಿ ಇಂಚಿಗೆ ಒಂದು ಥೌ ಕ್ಲಿಯರೆನ್ಸ್, ರೇಸಿಗಾದರೆ ಇನ್ನರ್ಧ ಸೇರಿಸು. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು, ಸುಮಾರು 25 ಮೈಕ್ರಾನ್. ನಮ್ಮ ಕ್ರ್ಯಾಂಕ್ ಗ್ರೈಂಡಿಂಗ್ ಅಂಗಡಿಗಳಲ್ಲಿ ಇವತ್ತಿಗೂ ಮಾತು ನಡೆಯುವುದು ಇದರಲ್ಲೇ. ಎಸ್65ರ ರಾಡ್ ಜರ್ನಲ್ 52 ಮಿ.ಮೀ., ಎರಡಿಂಚಿಗೆ ತುಸು ಮೇಲೆ. ಲೆಕ್ಕದ ಪ್ರಕಾರ ಎರಡು ಥೌ ಇರಬೇಕಿತ್ತು. ಬಿಚ್ಚಿ ಅಳೆದವರಿಗೆ ಹೆಚ್ಚಾಗಿ ಸಿಕ್ಕಿದ್ದು ಒಂದೂಕಾಲರ ಆಸುಪಾಸು. ಇಷ್ಟು ಬಿಗಿಯಾದ ಸಂದಿಗೆ ಕಂಪನಿ ಹೇಳಿದ ಆಯಿಲ್ ಮಾತ್ರ ಗಟ್ಟಿಯ 10ಡಬ್ಲ್ಯು-60. ಸಣ್ಣ ಕಣ್ಣಿನ ಜರಡಿಗೆ ಜೋನಿಬೆಲ್ಲ ಸುರಿದಂತಾಯಿತು ಎನ್ನುವುದು ಟೀಕಾಕಾರರ ವಾದ.

ವಾದದಲ್ಲಿ ಹುರುಳಿದೆ. ಬೇರಿಂಗಿನ ಪಕ್ಕಗಳಿಂದ ಹರಿದುಹೋಗುವ ಆಯಿಲ್ ಸಂದಿನ ಘನದಷ್ಟು ಏರುತ್ತದೆ. ಒಂದೂಕಾಲು ಇದ್ದದ್ದು ಎರಡಾದರೆ ಹರಿವು ಸುಮಾರು ನಾಲ್ಕು ಪಟ್ಟು. ಹರಿದುಹೋಗುವ ಆಯಿಲ್ ದಂಡವಲ್ಲ, ಶಾಖವನ್ನು ಹೊತ್ತೊಯ್ಯುವುದು ಅದೇ. ಕನ್ರಾಡೂ ಉಕ್ಕು, ಕ್ರ್ಯಾಂಕೂ ಉಕ್ಕು. ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ, ಎಂಜಿನ್ ಬಿಸಿಯಾದ ಮೇಲೆ ಸಂದು ತಾನಾಗಿ ಅಗಲವಾದೀತು ಎಂದು ಕಾಯುವಂತೆಯೂ ಇಲ್ಲ.

ಆದರೂ ‘ಸಂದು ಕಡಿಮೆ, ಅದಕ್ಕೇ ಹೋಯಿತು’ ಎಂದು ತೀರ್ಪು ಬರೆದುಬಿಡುವವರ ಜತೆ ನನಗೆ ಜಗಳವಿದೆ. ಇಂಚಿಗೊಂದು ಥೌ ಎಂಬುದು ಬಳಕೆಯಿಂದ ಬಂದ ಅಂದಾಜು, ನಿಯಮವಲ್ಲ. ಇವತ್ತಿನ ಎಷ್ಟೋ ರಸ್ತೆ ಕಾರುಗಳು ಅದಕ್ಕಿಂತ ಬಿಗಿಯಾದ ಸಂದಿನಲ್ಲಿ, ತೆಳು ಆಯಿಲ್ ಕುಡಿದು ಲಕ್ಷಾಂತರ ಕಿಲೋಮೀಟರ್ ಓಡುತ್ತವೆ. ಅತಿ ವೇಗವೇ ಕಾರಣ ಎನ್ನುವವರು ಇದೇ ಕಂಪನಿಯ ಹಿಂದಿನ ಎಂಜಿನ್ ಎಸ್54ನ್ನು ನೆನಪಿಸಿಕೊಳ್ಳಲಿ: 91 ಮಿ.ಮೀ. ಸ್ಟ್ರೋಕ್, 8,000 ಆರ್‌ಪಿಎಂ, ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರ್ ದಾಟುತ್ತದೆ. ಎಸ್65ರಲ್ಲಿ ಅದು 21 ಅಷ್ಟೇ. ಎಸ್54ಕ್ಕೂ ಆರಂಭದ ವರ್ಷಗಳಲ್ಲಿ ಇದೇ ಕಾಯಿಲೆ ಬಂದಿತ್ತು, ಆಗ ಬಿಎಂಡಬ್ಲ್ಯು ತಾನೇ ಕಾರುಗಳನ್ನು ಕರೆಸಿ ಬೇರಿಂಗ್ ಬದಲಿಸಿಕೊಟ್ಟಿತ್ತು. ಕೆಟ್ಟ ಎಂಜಿನ್ನುಗಳಲ್ಲಿ ಎಷ್ಟನ್ನು ಆಯಿಲ್ ಬಿಸಿಯಾಗುವ ಮೊದಲೇ ಮಾಲೀಕರು ಹಿಂಡಿದ್ದರು ಎಂಬುದನ್ನು ಯಾರೂ ಬರೆದಿಟ್ಟಿಲ್ಲ. ಆಯಿಲ್ ತಣ್ಣಗಿರುವಷ್ಟು ಹೊತ್ತೂ ಟ್ಯಾಕೊಮೀಟರಿನಲ್ಲಿ ಕೆಂಪು ಮಿತಿಯನ್ನು ಕೆಳಗಿಟ್ಟು ತೋರಿಸುವ ಏರ್ಪಾಡನ್ನು ಕಂಪನಿ ಸುಮ್ಮನೆ ಮಾಡಿರಲಾರದು. ಇನ್ನೊಂದು ಮಾತು: ತೆಗೆದ ಚಿಪ್ಪು ಸವೆದಿದ್ದರೆ ಫೋಟೊ ಎಲ್ಲ ಕಡೆ ಓಡಾಡುತ್ತದೆ, ಹೊಸದರಂತೆ ಹೊಳೆಯುತ್ತಿದ್ದರೆ ಕಸದ ಡಬ್ಬಿಗೆ ಹೋಗುತ್ತದೆ.

ಇನ್ನು ಆಯ್ಕೆಯ ವಿಷಯ. ‘ರೇಸ್ ಬೇರಿಂಗ್ ಹಾಕಿದೀವಿ ಸಾರ್, ಇನ್ನು ಎಂಜಿನ್ ಕಡೆ ತಲೆ ಕೆಡಿಸ್ಕೋಬೇಡಿ’ ಎನ್ನುವ ಮಾತನ್ನು ಬೆಂಗಳೂರಿನಲ್ಲೂ ಕೇಳಿದ್ದೇನೆ. ರೇಸ್ ಎಂಬ ಪದ ಡಬ್ಬಿಯ ಮೇಲೆ ಬಂದ ಕೂಡಲೇ ಗಟ್ಟಿ, ಬಾಳಿಕೆಯದ್ದು ಎಂಬ ಅರ್ಥ ತಾನಾಗಿ ಅಂಟಿಕೊಳ್ಳುತ್ತದೆ. ಬೇರಿಂಗಿನಲ್ಲಿ ಗಟ್ಟಿತನ ಪೂರ್ತಿ ಗುಣವಲ್ಲ. ಟ್ರೈಮೆಟಲ್ ಚಿಪ್ಪಿನಲ್ಲಿ ಹಿಂದೆ ಉಕ್ಕು, ನಡುವೆ ತಾಮ್ರ-ಸೀಸದ ಪದರ, ಮೇಲೆ ಹದಿನೈದಿಪ್ಪತ್ತು ಮೈಕ್ರಾನಿನ ಮೆದು ಲೇಪ. ಆ ಲೇಪಕ್ಕೆ ಎರಡು ಕೆಲಸ: ಆಯಿಲ್‌ನಲ್ಲಿ ತೇಲಿಬಂದ ಕಸದ ಹರಳನ್ನು ತನ್ನೊಳಗೆ ಹುದುಗಿಸಿಕೊಂಡು ಜರ್ನಲ್‌ಗೆ ಗೀರು ಬೀಳದಂತೆ ಕಾಯುವುದು, ಜೋಡಣೆ ಕೂದಲೆಳೆ ಓರೆಯಾಗಿದ್ದರೆ ಸವೆದು ಹೊಂದಿಕೊಳ್ಳುವುದು. ಲೇಪ ಗಟ್ಟಿಯಾದಷ್ಟೂ, ತೆಳುವಾದಷ್ಟೂ ಹೊರೆ ಹೊರುವ ಶಕ್ತಿ ಏರುತ್ತದೆ, ಈ ಕ್ಷಮೆ ಇಳಿಯುತ್ತದೆ. ಪ್ರತಿ ರೇಸ್ ಋತುವಿಗೂ ಎಂಜಿನ್ ಬಿಚ್ಚುವವರಿಗೆ ಆ ವ್ಯಾಪಾರ ಗಿಟ್ಟುತ್ತದೆ. ವಾರವಿಡೀ ಸಿಗ್ನಲ್‌ಗಳಲ್ಲಿ ತೆವಳಿ ಭಾನುವಾರ ಮಾತ್ರ ನಂದಿ ಬೆಟ್ಟದ ಕಡೆ ಓಡುವ ಕಾರಿಗೆ ಗಿಟ್ಟುವುದಿಲ್ಲ.

ಸೀಸದ ಕಥೆ ಬೇರೆ. ಹಳೆಯ ವಾಹನಗಳ ವಿಲೇವಾರಿ ಬಗ್ಗೆ ಐರೋಪ್ಯ ಒಕ್ಕೂಟ 2000ದಲ್ಲಿ ಹೊರಡಿಸಿದ ನಿರ್ದೇಶನ ಕಾರುಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿತು. ಎಂಜಿನ್ ಬೇರಿಂಗ್‌ಗಳಿಗೆ ಇದ್ದ ವಿನಾಯಿತಿ 2011ಕ್ಕೆ ಮುಗಿಯಿತು. ಅದಕ್ಕೆ ತಕ್ಕಂತೆ ಎಸ್65ರ ಚಿಪ್ಪುಗಳೂ ಸೀಸ-ತಾಮ್ರದಿಂದ ಅಲ್ಯುಮಿನಿಯಂ-ತವರಕ್ಕೆ ಬದಲಾದವು. ಹೊಸವು ಹಳೆಯವಕ್ಕಿಂತ ಗಟ್ಟಿ. ಸವೆತ ಇದರಿಂದ ಹೆಚ್ಚಿತೋ ಕಡಿಮೆಯಾಯಿತೋ ಎಂಬ ಜಗಳ ಇನ್ನೂ ಹರಿದಿಲ್ಲ. ಹೊರಗಿನ ತಯಾರಕರ ಚಿಪ್ಪುಗಳಲ್ಲಿ ನಾನು ನೋಡುವುದು ಲೋಹಕ್ಕಿಂತ ಮೊದಲು ಆಕಾರ. ಕ್ಲೆವೈಟ್‌ನ ಎಚ್ ಸಾಲು ಹೆಸರಾದದ್ದು ಅದಕ್ಕೇ: ಕ್ರ್ಯಾಂಕಿನ ಮೂಲೆಯ ದುಂಡಿಗೆ ತಾಗದಂತೆ ಅಂಚು ಕೊರೆದಿರುತ್ತಾರೆ, ಚಿಪ್ಪಿನ ಬೆನ್ನಿನ ಉಕ್ಕು ಗಡುಸಾಗಿರುತ್ತದೆ. ಸಂದು ಒಂದು ಥೌ ಹೆಚ್ಚು ಬೇಕೆಂದರೆ ಅದರಲ್ಲೇ ಎಕ್ಸ್ ಗುರುತಿನ ಚಿಪ್ಪು ಸಿಗುತ್ತದೆ. ಒಂದು ಮಾಮೂಲಿ, ಒಂದು ಎಕ್ಸ್ ಜೋಡಿಸಿದರೆ ಅರ್ಧ ಥೌ. ಚಿಪ್ಪಿನ ದಪ್ಪವೂ ಎಲ್ಲ ಕಡೆ ಒಂದೇ ಅಲ್ಲ, ನಡುವೆ ದಪ್ಪ, ಎರಡು ಚಿಪ್ಪು ಕೂಡುವ ತುದಿಗಳಲ್ಲಿ ತೆಳು. ವೇಗ ಏರಿದಾಗ ಬಿಗ್ ಎಂಡ್ ಉದ್ದಕ್ಕೆ ಹಿಗ್ಗಿ ಪಕ್ಕಗಳು ಒಳಕ್ಕೆ ಒತ್ತುತ್ತವೆ. ಆಗ ತುದಿಗಳು ಜರ್ನಲ್ ಉಜ್ಜದಿರಲಿ ಎಂದು ಈ ಏರ್ಪಾಡು. ಕ್ಲಿಯರೆನ್ಸನ್ನು ಅಡ್ಡಕ್ಕೆ ಅಳೆದು ‘ಸಂದು ಬೇಕಾದಷ್ಟಿದೆ’ ಎನ್ನುವವರು ಅಳೆಯುವುದು ಈ ತೆಳು ಜಾಗವನ್ನು.

ಅಳತೆಯ ವಿಷಯದಲ್ಲಿ ನನಗೆ ಮೆಚ್ಚುಗೆಯಾಗುವುದು ರೇಸ್ ಅಂಗಡಿಗಳದ್ದಲ್ಲ, ಹೊಂಡಾದ ಸಾಮಾನ್ಯ ಕಾರ್ಖಾನೆ ಕ್ರಮ. ಬಿ ಸರಣಿಯ ಎಂಜಿನ್ನುಗಳಲ್ಲಿ ಪ್ರತಿ ಕನ್ರಾಡಿನ ಮೇಲೆ ಒಂದು ಅಂಕಿ, ಕ್ರ್ಯಾಂಕಿನ ಪ್ರತಿ ಜರ್ನಲ್‌ಗೆ ಒಂದು ಅಕ್ಷರ. ಎರಡೂ ಆರು ಮೈಕ್ರಾನಿನ ಮೆಟ್ಟಿಲುಗಳಲ್ಲಿ. ಅಂಕಿ, ಅಕ್ಷರ ಎರಡನ್ನೂ ಕೋಷ್ಟಕದಲ್ಲಿ ಕೂಡಿಸಿ ನೋಡಿದರೆ ಬೇರಿಂಗಿನ ಬಣ್ಣ ಸಿಗುತ್ತದೆ: ಕೆಂಪಿನಿಂದ ನೀಲಿವರೆಗೆ ಏಳು ಬಣ್ಣ, ಪ್ರತಿ ಬಣ್ಣಕ್ಕೂ ದಪ್ಪದಲ್ಲಿ ಮೂರು ಮೈಕ್ರಾನ್ ವ್ಯತ್ಯಾಸ. ಒಂದೇ ಎಂಜಿನ್ನಿನ ನಾಲ್ಕು ಕನ್ರಾಡಿಗೆ ಮೂರು ಬಣ್ಣ ಬಂದರೂ ಬರಬಹುದು. ಇದು ಮಾಮೂಲಿ ಫ್ಯಾಮಿಲಿ ಕಾರಿಗೆ ನಡೆಯುವ ಉಪಚಾರ! ಅದೇ, ದುಬಾರಿ ಎಂ3ಗೆ ಹದಿನಾರು ಚಿಪ್ಪಿನ ಒಂದು ಡಬ್ಬಿ ತರಿಸಿ ಎಂಟು ಕನ್ರಾಡಿಗೂ ಕಣ್ಣುಮುಚ್ಚಿ ಕೂರಿಸುತ್ತಾರೆ.

ಯಾಕೆಂದರೆ ಈ ಕೆಲಸ ನಡೆಯುವುದು ಎಂಜಿನ್ ಕಾರಿನಲ್ಲೇ ಇರುವಾಗ. ಮೇಲಿನಿಂದ ಎಂಜಿನ್ ತೂಗುಹಾಕಿ, ಮುಂದಿನ ಸಬ್‌ಫ್ರೇಮ್ ಇಳಿಸಿ, ಸಂಪ್ ಬಿಚ್ಚಿ, ಕ್ರ್ಯಾಂಕ್ ತಿರುಗಿಸಿಕೊಳ್ಳುತ್ತಾ ಒಂದೊಂದೇ ಕ್ಯಾಪ್ ಕಳಚುತ್ತಾರೆ. ಪಿಸ್ಟನ್ ಬೋರ್‌ನಲ್ಲೇ ಇರುವುದರಿಂದ ಬಿಗ್ ಎಂಡ್ ಕಟ್ಟಿ ಬೋರ್ ಗೇಜ್ ಇಳಿಸಿ ಅಳೆಯುವಂತಿಲ್ಲ. ಅದು ನಿಜವಾದ ಮಿತಿ, ಒಪ್ಪೋಣ. ಆದರೆ ಜರ್ನಲ್‌ಗೆ ಕೆಳಗಿನಿಂದಲೇ ಮೈಕ್ರೊಮೀಟರ್ ಹಿಡಿಯಬಹುದು. ಬಾಲ್ ಆನ್ವಿಲ್ ಮೈಕ್ರೊಮೀಟರಿನಲ್ಲಿ ಪ್ರತಿ ಚಿಪ್ಪಿನ ನಡು ದಪ್ಪ ನೋಡಿ, ಹೊಂದುವ ಜೋಡಿಗಳನ್ನು ಆರಿಸಿ ಎತ್ತಿಡಬಹುದು. ಅರ್ಧ ದಿನದ ಕೆಲಸ. ಬೆರಳೆಣಿಕೆಯ ಗ್ಯಾರೇಜುಗಳು ಮಾತ್ರ ಇದನ್ನು ಬಿಲ್ಲಿನಲ್ಲಿ ಬರೆಯುತ್ತವೆ.

ಉಳಿದವರ ಆಸರೆ ಪ್ಲಾಸ್ಟಿಗೇಜ್. ನೂಲಿನಷ್ಟು ಸಣ್ಣ ಮೆದು ಎಳೆ. ಜರ್ನಲ್ಲನ್ನೂ ಚಿಪ್ಪನ್ನೂ ಆಯಿಲ್ ಉಳಿಯದಂತೆ ಒರೆಸಿ, ಎಳೆಯ ತುಂಡೊಂದನ್ನು ಜರ್ನಲ್ ಉದ್ದಕ್ಕೆ ಮಲಗಿಸಿ, ಕ್ಯಾಪ್ ಹಾಕಿ ಪೂರ್ತಿ ಟಾರ್ಕ್ ಕೊಡಬೇಕು. ಆಮೇಲೆ ಕ್ರ್ಯಾಂಕ್ ಕದಲಬಾರದು. ಕ್ಯಾಪ್ ಬಿಚ್ಚಿದಾಗ ಎಳೆ ಚಪ್ಪಟೆಯಾಗಿ ಪಟ್ಟಿಯಾಗಿರುತ್ತದೆ. ಅದರ ಅಗಲವನ್ನು ಕವರಿನ ಮೇಲೆ ಅಚ್ಚಾದ ಗೀಟುಗಳಿಗೆ ಹೋಲಿಸಿದರೆ ಸಂದು ಎಷ್ಟೆಂದು ತಿಳಿಯುತ್ತದೆ. ಪಟ್ಟಿ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದಾಗಿದ್ದರೆ ಜರ್ನಲ್ ಓರೆ ಸವೆದಿದೆ ಎಂದರ್ಥ. ಮೈಕ್ರೊಮೀಟರನ್ನು ಒಂದೇ ಕಡೆ ಹಿಡಿದವನಿಗೆ ಇದು ಕಾಣುವುದಿಲ್ಲ. ಅಷ್ಟರ ಮಟ್ಟಿಗೆ ಅದು ಒಳ್ಳೆಯ ಸಾಕ್ಷಿ. ಅರ್ಧ ಥೌಗಿಂತ ಸೂಕ್ಷ್ಮವನ್ನು ಅದರಿಂದ ಓದುತ್ತೇನೆ ಎನ್ನುವವರನ್ನು ಮಾತ್ರ ನಾನು ನಂಬುವುದಿಲ್ಲ. ಇಡೀ ತಕರಾರು ಮುಕ್ಕಾಲು ಥೌ ಬಗ್ಗೆ ಇರುವಾಗ ಇದು ಸಣ್ಣ ಕೊರತೆಯಲ್ಲ. ಕೋನ ಲೆಕ್ಕದಲ್ಲಿ ಎಳೆಯುವ ಕಂಪನಿ ಬೋಲ್ಟುಗಳನ್ನು ಒಂದೇ ಸಲ ಬಳಸಬೇಕಾದ್ದರಿಂದ, ಈ ಪರೀಕ್ಷೆಗೆ ಬಿಚ್ಚಿದ ಹಳೆಯ ಬೋಲ್ಟ್, ಕೊನೆಯ ಜೋಡಣೆಗೆ ಹೊಸದು.

ಜೋಡಿಸುವಾಗ ಚಿಪ್ಪಿನ ಬೆನ್ನು ಒಣಗಿರಬೇಕು, ಮುಖಕ್ಕೆ ಮಾತ್ರ ಅಸೆಂಬ್ಲಿ ಲ್ಯೂಬ್. ಇದನ್ನು ಎಷ್ಟು ಹೇಳಿದರೂ ಎರಡೂ ಕಡೆ ಆಯಿಲ್ ಬಳಿಯುವವರಿದ್ದಾರೆ. ಚಿಪ್ಪು ತಿರುಗದಂತೆ ಹಿಡಿಯುವುದು ಅಂಚಿನ ಪುಟ್ಟ ನಾಲಿಗೆಯಲ್ಲ, ಅದು ಜಾಗ ತೋರಿಸಲು ಅಷ್ಟೇ. ಚಿಪ್ಪಿನ ತುದಿ ಗೂಡಿಗಿಂತ ಒಂದೆರಡು ಥೌ ಮೇಲೆದ್ದಿರುತ್ತದೆ, ಕ್ಯಾಪ್ ಬಿಗಿದಾಗ ಆ ಹೆಚ್ಚಳ ಅಮುಕಿ ಚಿಪ್ಪು ಗೂಡಿಗೆ ಕಚ್ಚಿಕೊಳ್ಳುತ್ತದೆ. ಹಳೆಯ ಮೇಸ್ತ್ರಿಗಳು ಸವೆದ ಬೇರಿಂಗ್ ಬಿಗಿ ಮಾಡಲು ಕ್ಯಾಪಿಗೆ ಅರ ಹಾಕುತ್ತಿದ್ದರು. ಎಸ್65ರ ಕನ್ರಾಡಿನಲ್ಲಿ ಆ ಆಟ ನಡೆಯದು. ಇಡಿಯಾಗಿ ಮಾಡಿದ ಬಿಗ್ ಎಂಡನ್ನು ಒಡೆದೇ ಕ್ಯಾಪ್ ಬಿಡಿಸಿರುತ್ತಾರೆ. ಒಡೆದ ಮುಖಗಳ ಉಬ್ಬುತಗ್ಗು ಒಂದಕ್ಕೊಂದು ಕೂರಬೇಕು, ನಡುವೆ ಒಂದು ಕಸದ ಹರಳು ಸಿಕ್ಕರೂ ಗೂಡಿನ ಗುಂಡು ಕೆಟ್ಟಿತು.

ಇದೇ ಕಾರಣಕ್ಕೆ ಕಂಪನಿಯದರ ಬದಲು ಹೊರಗಿನ ತಯಾರಕರಾದ ಎಆರ್‌ಪಿಯ ಬೋಲ್ಟ್ ಹಾಕಿಸುವ ಫ್ಯಾಷನ್ ನನಗೆ ಒಪ್ಪಿಗೆಯಿಲ್ಲ. ಬೋಲ್ಟ್ ಒಳ್ಳೆಯದೇ. ಆದರೆ ಕಾರ್ಖಾನೆಯಲ್ಲಿ ಬಿಗ್ ಎಂಡಿನ ಬೋರ್ ಹೋನ್ ಮಾಡಿದ್ದು ಮೂಲ ಬೋಲ್ಟಿನ ಬಿಗಿಯಲ್ಲಿ. ಹೆಚ್ಚು ಬಿಗಿಯುವ ಬೋಲ್ಟ್ ಹಾಕಿದರೆ ಬೋರಿನ ಆಕಾರ ಬದಲಾಗುತ್ತದೆ, ಹಾಗಾದಾಗ ಕನ್ರಾಡ್ ಹೊರತೆಗೆದು ಅಳೆದು ತಿದ್ದಬೇಕು. ಎಂಜಿನ್ ಇಳಿಸದೆ ಕೆಳಗಿನಿಂದ ಮಾಡುವ ಕೆಲಸದಲ್ಲಿ ಅದು ಆಗದ ಮಾತು. ಸಂದು ಹೆಚ್ಚಿಸಲೆಂದು ಆರಿಸಿದ ಚಿಪ್ಪಿನ ಲಾಭವನ್ನು ಬೋಲ್ಟ್ ಎಷ್ಟು ತಿಂದಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ಬೋಲ್ಟು ತುಂಡಾಗಿ ಎಸ್65 ಕೆಟ್ಟಿತೆಂಬ ದೂರೂ ಮುಖ್ಯವಾಗಿ ಕೇಳಿಬಂದದ್ದಲ್ಲ.

ತೆಗೆದ ಚಿಪ್ಪುಗಳನ್ನು ಸಿಲಿಂಡರ್ ನಂಬರ್ ಬರೆದು, ಮೇಲಿನದು ಕೆಳಗಿನದು ಬೇರೆ ಮಾಡಿ, ಬೆಳಕಿನಲ್ಲಿ ಸಾಲಾಗಿ ಇಡಿಸಿಕೊಳ್ಳಿ. ನಡುವೆ ತಾಮ್ರ ಕಂಡರೆ ಹೊರೆ ಅಥವಾ ಆಯಿಲ್ ಕೊರತೆ. ಕೂಡುವ ತುದಿಗಳಲ್ಲಿ ಉಜ್ಜಿದ್ದರೆ ಬೋರ್ ಒತ್ತಿದೆ. ಒಂದೇ ಪಕ್ಕ ಸವೆದಿದ್ದರೆ ಕನ್ರಾಡ್ ಬಾಗಿದೆ ಅಥವಾ ಜರ್ನಲ್ ಓರೆಯಾಗಿದೆ. ಕೊನೆಯೆರಡಕ್ಕೆ ಹೊಸ ಚಿಪ್ಪು ಔಷಧವಲ್ಲ, ಎಂಜಿನ್ ಇಳಿಸಲೇಬೇಕು. ಬೇರಿಂಗ್ ಬದಲಾದ ಮೇಲೆ ಹಳೆಯ ಆಯಿಲ್ ಪರೀಕ್ಷೆಯ ರಿಪೋರ್ಟ್ ಹಿಡಿದು, ಬೇರಿಂಗ್ ಸವೆತದ ಗುರುತೆಂದು ಸೀಸದ ಅಂಕಿ ಹುಡುಕುತ್ತಾ ಕೂರುವುದೂ ದಂಡ. ಅಲ್ಯುಮಿನಿಯಂ ಚಿಪ್ಪಿನಿಂದ ಸೀಸ ಬರುವುದಿಲ್ಲ, ಬರುವ ಅಲ್ಯುಮಿನಿಯಂ ಪಿಸ್ಟನ್ನಿನದೋ ಬೇರಿಂಗಿನದೋ ಎಂದು ಪ್ರಯೋಗಾಲಯ ಹೇಳಲಾರದು. ಯಾವ ಲೋಹದ ಚಿಪ್ಪು ಕೂರಿಸಿದ್ದಾರೆ ಎಂದು ಗ್ಯಾರೇಜಿನಿಂದ ಬರೆಸಿಕೊಂಡು, ಮೊದಲ ಆಯಿಲ್ ಬದಲಾವಣೆಯಿಂದಲೇ ಹೊಸ ಲೆಕ್ಕ ಶುರು ಮಾಡಬೇಕು.